ಮಕ್ಕಳ ಪಾಲ್ಗೊಳ್ಳುವಿಕೆಯ ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರುವುದು ಹೇಗೆ?

ಒಂದು ಮಗು ಎಷ್ಟು ದೂರ ನಡೆಯುತ್ತದೆ, ಪೆನ್ಸಿಲ್ ಹೇಗೆ ಹಿಡಿಯುತ್ತದೆ, ಎಷ್ಟು ಪದ ಮಾತಾಡುತ್ತದೆ ಎಂದು ಅಳೆಯುವ ಪರೀಕ್ಷೆಗಳು ಬೇಕಾದಷ್ಟಿವೆ. ಆ ಮಗು ದಿನವಿಡೀ ಏನು ಮಾಡುತ್ತದೆ, ಯಾರ ಜೊತೆ ಇರುತ್ತದೆ, ಬೇರೆ ಮಕ್ಕಳು ಆಡುವಾಗ ತಾನೂ ಸೇರಿಕೊಳ್ಳುತ್ತದಾ ಇಲ್ಲ ನೋಡುತ್ತಾ ಕೂತಿರುತ್ತದಾ ಎಂದು ಕೇಳುವ ಸಾಧನಗಳು ಕಡಿಮೆ. ಪಾಲ್ಗೊಳ್ಳುವಿಕೆಯ ಪ್ರಶ್ನಾವಳಿಗಳು ಬಂದಿದ್ದು ಈ ಕೊರತೆ ತುಂಬುವುದಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಐಸಿಎಫ್ (ಕಾರ್ಯಕ್ಷಮತೆ, ಅಂಗವೈಕಲ್ಯ, ಆರೋಗ್ಯಕ್ಕೆ ಸಂಬಂಧಿಸಿದ್ದು) ಎಂಬ ವರ್ಗೀಕರಣ, ಬದುಕಿನ ಸಂದರ್ಭಗಳಲ್ಲಿ ತೊಡಗಿಕೊಳ್ಳುವುದನ್ನೇ ಪಾಲ್ಗೊಳ್ಳುವಿಕೆ ಎಂದು ಕರೆಯಿತು. 2007ರಲ್ಲಿ ಮಕ್ಕಳಿಗಾಗಿ ಮತ್ತು ಹದಿಹರೆಯದವರಿಗಾಗಿ ಅದರ ಬೇರೆ ಆವೃತ್ತಿಯೂ ಬಂತು. ಕೈಕಾಲಿಗೆ ಬಲ ಬಂತಾ ಎಂದು ಕೇಳುವ ಜೊತೆಗೆ, ಮಗು ತನ್ನ ಓರಗೆಯವರ ನಡುವೆ ಇದೆಯಾ ಎಂದು ಕೇಳುವುದೂ ಈಗ ಥೆರಪಿಸ್ಟರ ಕೆಲಸವೇ.

ಈ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಇಂಗ್ಲಿಷಿನಲ್ಲಿ, ಉತ್ತರ ಅಮೆರಿಕದ ಕುಟುಂಬಗಳ ದಿನಚರಿ ನೋಡಿಕೊಂಡು ತಯಾರಾದವು. ಅವನ್ನು ಬೇರೆ ಭಾಷೆಗೆ ತರುವಾಗ ಮಾತನ್ನಷ್ಟೇ ದಾಟಿಸಿದರೆ ಸಾಲದು. ಆ ಪ್ರಶ್ನೆ ಇಲ್ಲಿನ ಮಗುವಿನ ಬದುಕಿನ ಬಗ್ಗೆಯೂ ಅದೇ ಸಂಗತಿಯನ್ನು ಕೇಳುತ್ತಿದೆಯಾ ಎಂದು ನೋಡಬೇಕು. ಥೆರಪಿಸ್ಟರಿಗೆ, ವಿಶೇಷ ಶಿಕ್ಷಕರಿಗೆ, ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಈ ಕೆಲಸ ಹೇಗೆ ಮಾಡುವುದೆಂದು ಹಂತ ಹಂತವಾಗಿ ಇಲ್ಲಿ ಹೇಳಿದ್ದೇನೆ.

ಶುರು ಮಾಡುವ ಮುಂಚೆ: ಬರುತ್ತದಾ, ಮಾಡುತ್ತದಾ?

ಈ ಎರಡರ ವ್ಯತ್ಯಾಸ ತಂಡದ ಪ್ರತಿಯೊಬ್ಬರಿಗೂ ಗೊತ್ತಿರಬೇಕು. 'ಮಗುವಿಗೆ ಈಜು ಬರುತ್ತದಾ?' ಅನ್ನುವುದು ಸಾಮರ್ಥ್ಯದ ಪ್ರಶ್ನೆ. 'ಮಗು ಈಜಲು ಹೋಗುತ್ತದಾ?' ಅನ್ನುವುದು ಪಾಲ್ಗೊಳ್ಳುವಿಕೆಯ ಪ್ರಶ್ನೆ. ಈಜು ಚೆನ್ನಾಗಿ ಬರುವ ಮಗುವನ್ನು ಯಾರೂ ಕೊಳಕ್ಕೆ ಕರೆದುಕೊಂಡು ಹೋಗದೇ ಇರಬಹುದು. ಈಜೇ ಬಾರದ ಮಗು ವಾರಕ್ಕೆರಡು ಸಲ ನೀರಿಗಿಳಿದು, ಗೆಳೆಯರ ಜೊತೆ ನೀರು ಎರಚಾಡಿ, ಖುಷಿಯಾಗಿ ಮನೆಗೆ ಬರಬಹುದು. ಪ್ರಶ್ನಾವಳಿಯ ಪ್ರಕಾರ ಎರಡನೇ ಮಗುವೇ ಹೆಚ್ಚು ಪಾಲ್ಗೊಳ್ಳುತ್ತಿದೆ.

ಅನುವಾದದಲ್ಲಿ ಮೊದಲು ಕಳೆದುಹೋಗುವುದು ಇದೇ. ಆಸ್ಪತ್ರೆ, ಥೆರಪಿ ಕೇಂದ್ರಗಳಲ್ಲಿ ಪಳಗಿದವರ ಕೈಯಲ್ಲಿ 'ಮಾಡುತ್ತಾನಾ' ಅನ್ನುವುದು ಗೊತ್ತೇ ಆಗದ ಹಾಗೆ 'ಮಾಡಬಲ್ಲನಾ' ಆಗಿಬಿಡುತ್ತದೆ. ಅಪ್ಪ ಅಮ್ಮಂದಿರೂ ಇಂಥ ಪ್ರಶ್ನೆಯನ್ನು ಪರೀಕ್ಷೆ ಅಂದುಕೊಂಡು, ಮಗುವಿಗೆ ಅಂಕ ಕಡಿಮೆ ಆಗಬಾರದೆಂದು ಉತ್ತರ ಹೇಳುತ್ತಾರೆ. ಪ್ರತಿ ಕರಡು ಬಂದಾಗಲೂ ಕ್ರಿಯಾಪದಗಳನ್ನಷ್ಟೇ ಬೆರಳಿಟ್ಟು ಓದಿಕೊಂಡು ಹೋಗಿ. ಒಂದು ಕಡೆ 'ಬಲ್ಲ' ಅಥವಾ 'ಸಾಧ್ಯವೇ' ಕಂಡರೂ ಅಲ್ಲೇ ನಿಲ್ಲಿಸಿ, ಮೂಲ ನೋಡಿ.

ಪಾಲ್ಗೊಳ್ಳುವಿಕೆಗೂ ಎರಡು ಮುಖ ಇವೆ. ಮಗು ಅಲ್ಲಿ ಇದೆಯಾ, ಎಷ್ಟು ಸಲ ಇರುತ್ತದೆ ಅನ್ನುವುದು ಒಂದು. ಇದ್ದಾಗ ಅದರ ಮನಸ್ಸು ಅಲ್ಲಿದೆಯಾ ಅನ್ನುವುದು ಇನ್ನೊಂದು. ತರಗತಿಯಲ್ಲಿ ದಿನವೂ ಹಾಜರಿದ್ದು, ಏನೂ ಮಾಡದೆ ಮೂಲೆಯಲ್ಲಿ ಕೂತು ಬರುವ ಮಗುವಿಗೆ ಮೊದಲನೆಯದರಲ್ಲಿ ಪೂರ್ತಿ ಅಂಕ, ಎರಡನೆಯದರಲ್ಲಿ ಸೊನ್ನೆ. ಸಾಧನ ಇವೆರಡನ್ನೂ ಬೇರೆ ಬೇರೆಯಾಗಿ ಕೇಳುತ್ತಿದ್ದರೆ ನಿಮ್ಮ ಭಾಷೆಯಲ್ಲೂ ಅವು ಬೇರೆಯಾಗಿಯೇ ಕೇಳಿಸಬೇಕು.

ಸಾಧನ ಆರಿಸಿ, ಅನುಮತಿ ತೆಗೆದುಕೊಳ್ಳಿ

ಚೆನ್ನಾಗಿ ಬಳಕೆಯಲ್ಲಿರುವ ಕೆಲವನ್ನು ಹೇಳುತ್ತೇನೆ. ಪಿಇಎಂ-ಸಿವೈ (PEM-CY, ಪಾಲ್ಗೊಳ್ಳುವಿಕೆಯನ್ನೂ ಪರಿಸರವನ್ನೂ ಅಳೆಯುವ ಸಾಧನ) 5ರಿಂದ 17 ವರ್ಷದ ಮಕ್ಕಳಿಗೆ. ಉತ್ತರ ಕೊಡುವವರು ಪೋಷಕರು. ಮನೆಗೆ ಸಂಬಂಧಿಸಿದ 10, ಶಾಲೆಯ 5, ಸಮುದಾಯದ 10 ಹೀಗೆ ಒಟ್ಟು 25 ಬಗೆಯ ಚಟುವಟಿಕೆಗಳಿವೆ. ಪ್ರತಿಯೊಂದಕ್ಕೂ ಎಷ್ಟು ಸಲ, ಎಷ್ಟು ತೊಡಗಿಕೊಳ್ಳುತ್ತದೆ, ಇದರಲ್ಲಿ ಬದಲಾವಣೆ ಬೇಕಾ ಎಂದು ಕೇಳುತ್ತದೆ. ಆಮೇಲೆ ಆಯಾ ಜಾಗದ ಪರಿಸರ ನೆರವಾಗುತ್ತಿದೆಯಾ, ಅಡ್ಡಿಯಾಗುತ್ತಿದೆಯಾ ಎಂದೂ ಕೇಳುತ್ತದೆ. ಅದರದೇ ಜಾಡಿನಲ್ಲಿ 5 ವರ್ಷದವರೆಗಿನ ಪುಟ್ಟ ಮಕ್ಕಳಿಗೆ ವೈಸಿ-ಪಿಇಎಂ ಇದೆ. ಕ್ಯಾಸ್ಪ್ (CASP) ಎಂಬ ಇನ್ನೊಂದು ಸಾಧನ ಚಿಕ್ಕದು, 20 ಪ್ರಶ್ನೆ. ಅದೇ ವಯಸ್ಸಿನ ಬೇರೆ ಮಕ್ಕಳಿಗೆ ಹೋಲಿಸಿ ಉತ್ತರಿಸಬೇಕು. ಕೇಪ್‌ನಲ್ಲಿ (CAPE, ಪಾಲ್ಗೊಳ್ಳುವಿಕೆ ಮತ್ತು ಖುಷಿ ಎರಡನ್ನೂ ಕೇಳುವ ಸಾಧನ) 55 ಚಟುವಟಿಕೆಗಳಿವೆ. 6ರಿಂದ 21 ವರ್ಷದವರು ತಾವೇ ಉತ್ತರಿಸುತ್ತಾರೆ, ಚಿತ್ರದ ಕಾರ್ಡುಗಳ ಸಹಾಯವೂ ಇರುತ್ತದೆ.

ಯಾವುದು ಸುಲಭ ಎಂದು ನೋಡಿ ಆರಿಸಬೇಡಿ. ಪರಿಸರದ ಅಡ್ಡಿಗಳೂ ತಿಳಿಯಬೇಕಾದರೆ ಪಿಇಎಂ-ಸಿವೈ ಒಳ್ಳೆಯದು. ಮಗುವಿನ ಬಾಯಿಂದಲೇ ಕೇಳಬೇಕು, ಖುಷಿ ಎಷ್ಟು ಸಿಗುತ್ತದೆ ಎಂದೂ ತಿಳಿಯಬೇಕು ಅಂದರೆ ಕೇಪ್. ಕ್ಲಿನಿಕ್ಕಿನಲ್ಲಿ ಸಮಯ ಕಡಿಮೆ ಇದ್ದರೆ ಕ್ಯಾಸ್ಪ್. ಎಲ್ಲಕ್ಕಿಂತ ಮೊದಲು, ನಿಮ್ಮ ಭಾಷೆಯಲ್ಲಿ ಯಾರಾದರೂ ಈಗಾಗಲೇ ಶುರು ಮಾಡಿದ್ದಾರಾ ಎಂದು ಮೂಲ ಲೇಖಕರನ್ನೇ ಕೇಳಿ. ಒಂದೇ ಸಾಧನಕ್ಕೆ ಒಂದೇ ಭಾಷೆಯಲ್ಲಿ ಎರಡು ಆವೃತ್ತಿ ಓಡಾಡಿದರೆ ಎರಡೂ ಕಡೆಯ ಶ್ರಮ ವ್ಯರ್ಥ.

ಅನುಮತಿ ಲಿಖಿತವಾಗಿರಲಿ. ಸಾಧನ ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅನುವಾದಿಸುವ ಹಕ್ಕು ಬರುವುದಿಲ್ಲ. ಅನುಮತಿ ಪತ್ರದಲ್ಲಿ ಮೂರು ವಿಷಯ ಸ್ಪಷ್ಟವಾಗಿರಬೇಕು: ಅನುವಾದದ ಹಕ್ಕು ಯಾರ ಹೆಸರಿನಲ್ಲಿ ಇರುತ್ತದೆ, ಪ್ರಶ್ನೆಗಳನ್ನು ಎಷ್ಟರಮಟ್ಟಿಗೆ ಬದಲಿಸಬಹುದು, ಮುಗಿದ ಮೇಲೆ ಬೇರೆಯವರು ಅದನ್ನು ಹೇಗೆ ಪಡೆಯಬಹುದು. ಎರಡನೆಯದನ್ನು ಕೇಳಿಕೊಳ್ಳದೆ ಮುಂದೆ ಹೋದರೆ ಕೊನೆಯಲ್ಲಿ ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ. ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆಯನ್ನೂ ಈ ಹೊತ್ತಿಗೇ ಪಡೆಯಿರಿ. ಪೋಷಕರ ಒಪ್ಪಿಗೆ ಎಷ್ಟು ಬೇಕೋ ಮಗುವಿನ ಸಮ್ಮತಿಯೂ ಅಷ್ಟೇ ಬೇಕು.

ಪ್ರಶ್ನೆ ಪ್ರಶ್ನೆಗೂ ಟಿಪ್ಪಣಿ

ಬಹಳ ತಂಡಗಳು ಈ ಹಂತ ಹಾರಿಸಿ ಸೀದಾ ಅನುವಾದಕ್ಕೆ ಕೂರುತ್ತವೆ. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಹಣೆಬರಹ ಇಲ್ಲೇ ಬರೆದಾಗುತ್ತದೆ.

ಪ್ರತಿ ಪ್ರಶ್ನೆಗೂ ಒಂದು ಪುಟ ಇಡಿ. ಮೇಲೆ ಮೂಲ ಪ್ರಶ್ನೆ. ಕೆಳಗೆ ನಿಮ್ಮ ಮಾತಿನಲ್ಲಿ ಎರಡು ಸಾಲು: ಈ ಪ್ರಶ್ನೆ ಏನನ್ನು ತಿಳಿಯಲು ಹೊರಟಿದೆ, ಏನನ್ನು ತಿಳಿಯಲು ಹೊರಟಿಲ್ಲ. ಅನುಮಾನ ಇದ್ದರೆ ಲೇಖಕರಿಗೆ ಬರೆದು ಕೇಳಿ. ಪಿಇಎಂ-ಸಿವೈಯ ಸಮುದಾಯ ಭಾಗದಲ್ಲಿ 'ಹೊರಗೆ ರಾತ್ರಿ ತಂಗುವ ಭೇಟಿ ಅಥವಾ ಪ್ರವಾಸ' ಎಂಬ ಒಂದು ಬಗೆ ಇದೆ. ಅದು ಗೆಳೆಯರ ಮನೆಯಲ್ಲಿ ಮಲಗುವುದನ್ನೇ ಕೇಳುತ್ತಿದೆಯಾ? ಮಗು ತನ್ನ ಮನೆ ಬಿಟ್ಟು ಬೇರೆ ಕಡೆ ಒಂದು ರಾತ್ರಿ ಕಳೆಯುವ ಅನುಭವವನ್ನು ಕೇಳುತ್ತಿದೆಯಾ? ಎರಡನೆಯದೇ ಮುಖ್ಯ ಅಂತ ಗೊತ್ತಾದರೆ, ಗೆಳೆಯರ ಮನೆಯಲ್ಲಿ ಮಲಗುವ ರೂಢಿ ಇಲ್ಲದ ಕಡೆ ನೆಂಟರ ಮನೆಯ ಉದಾಹರಣೆ ಹಾಕಿದರೂ ಪ್ರಶ್ನೆ ಕೆಡುವುದಿಲ್ಲ.

ಟಿಪ್ಪಣಿ ಆದ ಮೇಲೆ ಕೆಲವು ಕುಟುಂಬಗಳ ಹತ್ತಿರ ಹೋಗಿ. ಪ್ರಶ್ನಾವಳಿ ತೋರಿಸಬೇಡಿ. ಮಗು ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತದೆ, ರಜಾ ದಿನ ಏನು ಮಾಡುತ್ತದೆ ಎಂದು ಸುಮ್ನೆ ಹೇಳಿಸಿಕೊಳ್ಳಿ. ಅಂಗವೈಕಲ್ಯ ಇರುವ ಮಕ್ಕಳ ಮನೆಯೂ ಇರಲಿ, ಇಲ್ಲದವರ ಮನೆಯೂ ಇರಲಿ. ಊರಿನವರೂ ಇರಲಿ, ನಗರದವರೂ ಇರಲಿ. ಬಂದ ಪಟ್ಟಿಯನ್ನು ಸಾಧನದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಎರಡು ವಿಷಯ ಕಾಣುತ್ತವೆ. ಸಾಧನದಲ್ಲಿ ಇದ್ದು ಇಲ್ಲಿನ ಬದುಕಿನಲ್ಲಿ ಇಲ್ಲದ್ದು ಏನು? ಇಲ್ಲಿ ಎಲ್ಲ ಮಕ್ಕಳೂ ಮಾಡುವಂಥದ್ದಾದರೂ ಸಾಧನದಲ್ಲಿ ಜಾಗವೇ ಇಲ್ಲದ್ದು ಏನು? ಎರಡನೆಯದನ್ನು ಹುಡುಕುವವರು ಕಡಿಮೆ. ಆದರೆ ತಮ್ಮಂದಿರನ್ನು, ತಂಗಿಯರನ್ನು ನೋಡಿಕೊಳ್ಳುವುದೇ ಮಗುವಿನ ದಿನದ ದೊಡ್ಡ ಭಾಗವಾಗಿರುವ ಕಡೆ, ಆ ಮಾತೇ ಇಲ್ಲದ ಪ್ರಶ್ನಾವಳಿ ಆ ಮಗುವಿನ ಬದುಕನ್ನು ಖಾಲಿ ಎಂದು ತೋರಿಸಿಬಿಡುತ್ತದೆ.

ಈಗ ಪ್ರತಿ ಪ್ರಶ್ನೆಯ ಪುಟದಲ್ಲೂ ಒಂದು ತೀರ್ಮಾನ ಬರೆಯಿರಿ. ಕೆಲವನ್ನು ಇದ್ದ ಹಾಗೇ ಇಡಬಹುದು. ಬಹುಪಾಲು ಪ್ರಶ್ನೆಗಳಿಗೆ ಉದಾಹರಣೆ ಬದಲಿಸಿದರೆ ಸಾಕು. ಪಿಇಎಂ-ಸಿವೈ ಬಿಡಿ ಚಟುವಟಿಕೆ ಕೇಳದೆ ಚಟುವಟಿಕೆಯ ಬಗೆಯನ್ನು ಕೇಳುವುದರಿಂದ ಇದು ಸಲೀಸು. ಅದರಲ್ಲಿ ಟಿವಿ, ವಿಡಿಯೊ, ಡಿವಿಡಿ ನೋಡುವ ಪ್ರಶ್ನೆ ಇದೆ. ಡಿವಿಡಿಯನ್ನೇ ಕಾಣದ ಮಕ್ಕಳಿಗೆ ಅಲ್ಲಿ ಫೋನಿನ ವಿಡಿಯೊ ಬರಬೇಕು. ಬದಲಾಗುವುದು ಸಂಸ್ಕೃತಿ ಮಾತ್ರ ಅಲ್ಲ, ಕಾಲವೂ ಬದಲಾಗುತ್ತದೆ, ಅಲ್ವಾ? ಕೇಪ್‌ನಂಥ ಸಾಧನದಲ್ಲಿ ಬಿಡಿ ಚಟುವಟಿಕೆಗಳೇ ಪ್ರಶ್ನೆಗಳು. ಅಲ್ಲಿ ಹಿಮದಲ್ಲಿ ಆಡುವ ಆಟವೇನಾದರೂ ಬಂದರೆ, ಹಿಮವೇ ಬೀಳದ ನಾಡಿನಲ್ಲಿ ಅದೇ ಕೆಲಸ ಮಾಡುವ ಬೇರೆ ಚಟುವಟಿಕೆ ಹುಡುಕಬೇಕು. ಹೊರಾಂಗಣ, ಮೈ ದಣಿಯುವಂಥದ್ದು, ಬೇರೆಯವರ ಜೊತೆ ಆಡುವಂಥದ್ದು, ಖರ್ಚಿಲ್ಲದ್ದು ಹೀಗೆ ಮೂಲದ ಗುಣಗಳನ್ನು ಪಟ್ಟಿ ಮಾಡಿ, ಹೊಸದಕ್ಕೂ ಅವೆಲ್ಲ ಇವೆಯಾ ನೋಡಿ.

ಪ್ರಶ್ನೆಯನ್ನೇ ತೆಗೆದುಹಾಕುವುದು ಕಟ್ಟಕಡೆಯ ದಾರಿ. ಪಿಇಎಂ-ಸಿವೈಯಲ್ಲಿ 'ಸಂಬಳಕ್ಕೆ ಕೆಲಸ' ಎಂಬ ಪ್ರಶ್ನೆಯೂ ಇದೆ. ಚಿಕ್ಕ ಮಕ್ಕಳು ದುಡಿಯುವುದು ಕಾನೂನಿಗೆ ವಿರುದ್ಧವಾದ ಕಡೆ ಪೋಷಕರು ಇದನ್ನು ಓದಿ ಬೆಚ್ಚುತ್ತಾರೆ, ಸುಳ್ಳೂ ಹೇಳಬಹುದು. ಹಾಗಂತ ತೆಗೆದುಬಿಟ್ಟರೆ 16–17 ವರ್ಷದವರ ಬದುಕಿನ ಒಂದು ಭಾಗ ಕಾಣೆಯಾಗುತ್ತದೆ, ಬೇರೆ ದೇಶಗಳ ಸ್ಕೋರಿಗೆ ಹೋಲಿಸುವುದೂ ಕಷ್ಟ. ಪ್ರಶ್ನೆ ಇಟ್ಟುಕೊಂಡು, ಯಾವ ವಯಸ್ಸಿಗೆ ಅನ್ವಯ ಎಂದು ಸೂಚನೆ ಸೇರಿಸಲು ಲೇಖಕರ ಒಪ್ಪಿಗೆ ಕೇಳುವುದು ಮೇಲು. ಹೊಸ ಪ್ರಶ್ನೆ ಸೇರಿಸಲೇಬೇಕಾದರೆ ಕೊನೆಯಲ್ಲಿ ಬೇರೆ ಭಾಗವಾಗಿ ಸೇರಿಸಿ, ಅದರ ಸ್ಕೋರನ್ನು ಮೂಲದ ಸ್ಕೋರಿಗೆ ಬೆರೆಸಬೇಡಿ.

ಅನುವಾದ, ಮರು ಅನುವಾದ

ಇಲ್ಲಿನ ದಾರಿ ಸಾಕಷ್ಟು ಸವೆದಿದೆ. ಸಂಶೋಧಕಿ ಡಾರ್ಕಾಸ್ ಬೀಟನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಸೂಚನೆಗಳನ್ನು ಇವತ್ತಿಗೂ ಹೆಚ್ಚಿನವರು ಅನುಸರಿಸುತ್ತಾರೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು. ಇಬ್ಬರಿಗೂ ಗುರಿ ಭಾಷೆ ಮನೆಮಾತಾಗಿರಬೇಕು. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಥೆರಪಿಯ ಗಂಧಗಾಳಿ ಇರಬಾರದು. ವಿಷಯ ಗೊತ್ತಿರುವವರು ಅರ್ಥ ಕಾಪಾಡುತ್ತಾರೆ, ಗೊತ್ತಿಲ್ಲದವರು ಜನ ಆಡುವ ಮಾತು ತರುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು, ಅನುವಾದಕರೂ ಇನ್ನೊಬ್ಬರೂ ಕೂತು ಒಂದು ಪ್ರತಿ ಮಾಡಬೇಕು. ಎಲ್ಲಿ ಯಾಕೆ ಯಾವ ಪದ ಉಳಿಯಿತು ಎಂದು ಬರೆದಿಡಬೇಕು. ಆಮೇಲೆ ಮೂಲವನ್ನು ನೋಡಿರದ ಇಬ್ಬರು ಅದನ್ನು ಮತ್ತೆ ಮೂಲ ಭಾಷೆಗೆ ತರಬೇಕು.

ಮರು ಅನುವಾದ ಚೆನ್ನಾಗಿ ಬಂತೆಂದು ನೆಮ್ಮದಿಯಾಗಬೇಡಿ. ಪದಕ್ಕೆ ಪದ ಇಟ್ಟು ಮಾಡಿದ ಒರಟು ಅನುವಾದವೇ ಮರಳಿ ಮೂಲಕ್ಕೆ ಸರಿಯಾಗಿ ಕೂರುತ್ತದೆ, ಓದುವ ತಾಯಿಗೆ ಮಾತ್ರ ಅದರ ತಲೆಬುಡ ಗೊತ್ತಾಗುವುದಿಲ್ಲ. ಜನರ ಮಾತಿಗೆ ಹತ್ತಿರವಾದ ಅನುವಾದ ಮರಳಿದಾಗ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ದೊಡ್ಡ ತಪ್ಪು, ಬಿಟ್ಟುಹೋದ ಮಾತು ಹಿಡಿಯಲು ಮರು ಅನುವಾದ ಬಳಸಿ. ಮಾತು ತಲುಪುತ್ತದಾ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಕನ್ನಡಕ್ಕೆ ತರುವವರಿಗೆ ಒಂದು ಮಾತು. 'ಮಗು' ಅಂದರೆ ಕ್ರಿಯಾಪದ 'ಮಾಡುತ್ತದೆ' ಎಂದೇ ಬರಬೇಕು. 6 ವರ್ಷದವರಿಗೆ ಇದು ಸಹಜ, 16 ವರ್ಷದ ಹುಡುಗಿಯ ತಾಯಿಗೆ ವಿಚಿತ್ರ. ಮಗ, ಮಗಳು ಎರಡಕ್ಕೂ ಬೇರೆ ಬೇರೆ ಪ್ರತಿ ಮಾಡಿದರೆ ಓದಲು ಸಲೀಸು. ಗೆರೆ ಎಳೆದು 'ಮಾಡುತ್ತಾನೆ/ಳೆ' ಎಂದು ಹಾಕಿದರೆ ಗಟ್ಟಿಯಾಗಿ ಓದಿ ಹೇಳುವವರು ಪ್ರತಿ ಸಾಲಿನಲ್ಲೂ ಎಡವುತ್ತಾರೆ.

ಉತ್ತರದ ಆಯ್ಕೆಗಳು

ಪ್ರಶ್ನೆಗಳಿಗೆ ವಾರಗಟ್ಟಲೆ ಕೊಟ್ಟು, ಉತ್ತರದ ಆಯ್ಕೆಗಳನ್ನು ಒಂದು ಸಂಜೆಯಲ್ಲಿ ಮುಗಿಸುವುದುಂಟು. ಆಯ್ಕೆ ಪ್ರತಿ ಪ್ರಶ್ನೆಯಲ್ಲೂ ಮರಳಿ ಬರುತ್ತದೆ. ಪ್ರಶ್ನೆಯ ತಪ್ಪು ಒಂದು ಕಡೆ ಕೆಡಿಸಿದರೆ ಆಯ್ಕೆಯ ತಪ್ಪು ಇಡೀ ಸಾಧನವನ್ನೇ ಕೆಡಿಸುತ್ತದೆ.

ಎಷ್ಟು ಸಲ ಎಂಬುದನ್ನು ಕೇಳಲು ಪಿಇಎಂ-ಸಿವೈ 'ಒಮ್ಮೆಯೂ ಇಲ್ಲ'ದಿಂದ 'ದಿನವೂ' ವರೆಗೆ 8 ಮೆಟ್ಟಿಲು ಇಟ್ಟಿದೆ, ಅದೂ ಕಳೆದ ನಾಲ್ಕು ತಿಂಗಳ ಬಗ್ಗೆ. ನಾಲ್ಕು ತಿಂಗಳನ್ನು ಕ್ಯಾಲೆಂಡರಿನ ಲೆಕ್ಕದಲ್ಲಿ ಎಲ್ಲರೂ ನೆನಪಿಡುವುದಿಲ್ಲ. ಶಾಲೆಯ ಅವಧಿ, ಮಳೆಗಾಲ, ಕೊಯ್ಲು ಹೀಗೆ ಜನ ಕಾಲ ನೆನಪಿಟ್ಟುಕೊಳ್ಳುವ ಗುರುತು ಹಿಡಿದು, ಪ್ರಶ್ನೆ ಕೇಳುವ ಮುಂಚೆ 'ಇಂಥ ಕಾಲದಿಂದ ಈಚೆಗೆ' ಎಂದು ನೆನಪಿಸಿ. ಆ ನಾಲ್ಕು ತಿಂಗಳಲ್ಲಿ ಉದ್ದದ ರಜೆ ಬಿದ್ದಿದ್ದರೆ ಶಾಲೆಯ ಭಾಗದ ಉತ್ತರ ಅಡ್ಡಾದಿಡ್ಡಿಯಾಗುತ್ತದೆ. ಮಾಹಿತಿ ಯಾವ ತಿಂಗಳು ಸಂಗ್ರಹಿಸಬೇಕೆಂದು ಮೊದಲೇ ನಿರ್ಧರಿಸಿ.

ಸಾಧನದಲ್ಲಿ 'ಅನ್ವಯಿಸುವುದಿಲ್ಲ' ಎಂಬ ಆಯ್ಕೆಯೂ ಇದ್ದರೆ, ಅದೂ 'ಒಮ್ಮೆಯೂ ಇಲ್ಲ' ಎಂಬುದೂ ಬೇರೆ ಬೇರೆ. ಶಾಲೆಯ ಪ್ರವಾಸಕ್ಕೆ ಮಗುವನ್ನು ಕರೆದುಕೊಂಡೇ ಹೋಗಲಿಲ್ಲ ಅಂದರೆ ಅದು 'ಒಮ್ಮೆಯೂ ಇಲ್ಲ'. ಸಾಧನ ಹುಡುಕುತ್ತಿರುವ ಅನ್ಯಾಯ ಅದೇ. ಎಷ್ಟೋ ಪೋಷಕರು 'ನಮ್ಮ ಮಗುವಿಗೆ ಅವೆಲ್ಲ ಎಲ್ಲಿ' ಎಂದು ಅದನ್ನೇ 'ಅನ್ವಯಿಸುವುದಿಲ್ಲ' ಎಂದು ಗುರುತು ಹಾಕುತ್ತಾರೆ. ಹಾಗಾದಾಗ ಆ ಪ್ರಶ್ನೆ ಲೆಕ್ಕದಿಂದಲೇ ಬಿದ್ದುಹೋಗಿ, ಹೊರಗುಳಿದ ಮಗುವಿನ ಸ್ಕೋರ್ ಇರಬೇಕಾದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಎರಡಕ್ಕೂ ಒಂದೊಂದು ಉದಾಹರಣೆಯನ್ನು ಸೂಚನೆಯಲ್ಲೇ ಕೊಡಿ.

ಕ್ಯಾಸ್ಪ್‌ನ 'ಅದೇ ವಯಸ್ಸಿನ ಮಕ್ಕಳಿಗೆ ಹೋಲಿಸಿದರೆ' ಎಂಬ ಮಾತನ್ನೂ ಹೀಗೇ ನೋಡಿಕೊಳ್ಳಬೇಕು. ವಿಶೇಷ ಶಾಲೆಗೆ ಹೋಗುವ ಮಗುವಿನ ಪೋಷಕರು ಆ ಶಾಲೆಯ ಬೇರೆ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಬಹುದು. ಯಾರಿಗೆ ಹೋಲಿಸಬೇಕೆಂದು ಬಿಡಿಸಿ ಹೇಳಿ.

ಸಮಿತಿ

ಈ ಅನುವಾದಗಳನ್ನೆಲ್ಲ ನೋಡಿ ತೀರ್ಮಾನ ಮಾಡುವ ಸಮಿತಿಯಲ್ಲಿ ಥೆರಪಿಸ್ಟರು, ಭಾಷೆ ಬಲ್ಲವರು, ಸಂಶೋಧನಾ ವಿಧಾನ ತಿಳಿದವರು, ಎಲ್ಲ ಅನುವಾದಕರು ಇರಬೇಕು ಎಂದು ಬೀಟನ್ ಅವರ ಸೂಚನೆಗಳು ಹೇಳುತ್ತವೆ. ಕನಿಷ್ಠ ಇಬ್ಬರು ಪೋಷಕರನ್ನೂ ಅಂಗವೈಕಲ್ಯದೊಂದಿಗೆ ಬೆಳೆದ ಒಬ್ಬ ಯುವಕ ಅಥವಾ ಯುವತಿಯನ್ನೂ ಸೇರಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಅವರಿಗೆ ಓಡಾಟದ ಖರ್ಚು, ಅವರ ಸಮಯಕ್ಕೆ ತಕ್ಕ ಗೌರವಧನ ಕೊಡಿ. ಸಭೆಯಲ್ಲಿ ಮೊದಲು ಅವರ ಮಾತು ಕೇಳಿ. ಡಾಕ್ಟರು ಒಂದು ಸಲ ಅಭಿಪ್ರಾಯ ಹೇಳಿದ ಮೇಲೆ ಎದುರು ಮಾತಾಡುವ ಪೋಷಕರು ಕಡಿಮೆ.

ಪದ, ನುಡಿಗಟ್ಟು, ಅನುಭವ, ಪರಿಕಲ್ಪನೆ ಈ ನಾಲ್ಕರಲ್ಲೂ ಮೂಲಕ್ಕೆ ಸಮನಾಗಿದೆಯಾ ಎಂದು ಸಮಿತಿ ಒಂದೊಂದೇ ಪ್ರಶ್ನೆ ನೋಡಬೇಕು. ಅಂಕಿಯಲ್ಲೂ ಬೇಕಾದರೆ, ಪ್ರತಿ ಸದಸ್ಯರೂ ಪ್ರಶ್ನೆ ಎಷ್ಟು ಪ್ರಸ್ತುತ ಎಂದು 1ರಿಂದ 4ರವರೆಗೆ ಅಂಕ ಕೊಟ್ಟು, 3 ಅಥವಾ 4 ಕೊಟ್ಟವರ ಪಾಲು ಲೆಕ್ಕ ಹಾಕಬಹುದು. 6 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಆ ಪಾಲು 0.78ಕ್ಕೆ ಕಡಿಮೆ ಆಗಬಾರದು ಅನ್ನುವುದು ರೂಢಿ. 5 ಅಥವಾ ಕಡಿಮೆ ಇದ್ದರೆ ಎಲ್ಲರೂ ಒಪ್ಪಿರಬೇಕು.

ಕೂತು ಕೇಳುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೆ ಕೊಡಿ. ಬೀಟನ್ ಅವರ ಸೂಚನೆಯಲ್ಲಿ 30ರಿಂದ 40 ಜನರ ಮೇಲೆ ಪೂರ್ವಪರೀಕ್ಷೆ ಮಾಡಬೇಕೆಂದಿದೆ. ಎಲ್ಲರನ್ನೂ ಒಂದೇ ಸಲ ಮುಗಿಸದೆ, ಐದಾರು ಜನರ ಸುತ್ತುಗಳಾಗಿ ಮಾಡಿ. ಒಂದು ಸುತ್ತಿನಲ್ಲಿ ತಿಳಿದದ್ದನ್ನು ತಿದ್ದಿ, ತಿದ್ದಿದ್ದನ್ನೇ ಮುಂದಿನ ಸುತ್ತಿನಲ್ಲಿ ಕೇಳಿ. ಹೊಸ ತೊಡಕು ಬರುವುದು ನಿಲ್ಲುವವರೆಗೂ ಇದು ನಡೆಯಲಿ.

'ಅರ್ಥ ಆಯ್ತಾ?' ಎಂದು ಮಾತ್ರ ಕೇಳಬೇಡಿ. ಎಲ್ಲರೂ ಆಯ್ತು ಅನ್ನುತ್ತಾರೆ. ಉತ್ತರ ಹೇಳಿದ ಮೇಲೆ ಆ ಉತ್ತರ ಎಲ್ಲಿಂದ ಬಂತು ಎಂದು ಕೇಳಿ. ಶಾಲೆಯ ಭಾಗದಲ್ಲಿ ಇಂಥದ್ದೊಂದು ಮಾತುಕತೆ ನಡೆಯಬಹುದು:

'ತರಗತಿಯ ಚಟುವಟಿಕೆಯಲ್ಲಿ ನಿಮ್ಮ ಮಗ ಎಷ್ಟು ತೊಡಗಿಕೊಳ್ಳುತ್ತಾನೆ ಅಮ್ಮಾ?'

'ತುಂಬಾ ತೊಡಗಿಕೊಳ್ತಾನೆ.'

'ಯಾವುದನ್ನು ನೆನೆಸಿಕೊಂಡು ಹಾಗೆ ಹೇಳಿದಿರಿ?'

'ಅವನದೇನೂ ಗಲಾಟೆ ಇಲ್ಲ. ಕೂರಿಸಿದ ಕಡೆ ಕೂತಿರ್ತಾನೆ. ಟೀಚರ್‌ಗೆ ಒಂಚೂರೂ ತೊಂದರೆ ಕೊಡಲ್ಲ.'

ಕಾಗದದ ಮೇಲೆ ಈ ಉತ್ತರಕ್ಕೆ ಪೂರ್ತಿ 5 ಅಂಕ ಸಿಗುತ್ತಿತ್ತು. ತಾಯಿ ಹೇಳಿದ್ದು ಮಗ ಎಷ್ಟು ವಿಧೇಯ ಎಂದು. ಪ್ರಶ್ನೆ ಕೇಳಿದ್ದು ಅವನ ಗಮನ, ಆಸಕ್ತಿ, ಉತ್ಸಾಹ ಎಷ್ಟು ಎಂದು. ಇದು ಒಬ್ಬರಲ್ಲಿ ಬಂದರೆ ಗುರುತು ಹಾಕಿಕೊಳ್ಳಿ, ಇಬ್ಬರಲ್ಲಿ ಬಂದರೆ ವಾಕ್ಯವನ್ನೇ ಬದಲಿಸಿ. 'ಆಸಕ್ತಿಯಿಂದ, ಮನಸ್ಸಿಟ್ಟು ಸೇರಿಕೊಳ್ಳುತ್ತಾನಾ?' ಎಂದು ಬಿಡಿಸಿ ಬರೆದು ಮುಂದಿನ ಸುತ್ತಿನಲ್ಲಿ ನೋಡಿ. ವಾಕ್ಯ ಸ್ವಲ್ಪ ಉದ್ದವಾದರೂ ಪರವಾಗಿಲ್ಲ.

'ಬದಲಾವಣೆ ಬೇಕಾ?' ಎಂಬ ಪ್ರಶ್ನೆಯಲ್ಲೂ ನಿಧಾನವಾಗಿ ಕೇಳಬೇಕು. ಕೆಲವು ಪೋಷಕರಿಗೆ ಅದು ದೂರಿನ ಹಾಗೆ ಕೇಳಿಸುತ್ತದೆ. ಬದಲಾವಣೆ ಬೇಕು ಅಂದರೆ ತಾವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ, ಶಾಲೆಯ ಮೇಲೆ ಆರೋಪ ಹೊರಿಸಿದ ಹಾಗೆ ಅನ್ನಿಸುತ್ತದೆ. ಇನ್ನು ಕೆಲವರಿಗೆ ಬದಲಾಗಲು ಸಾಧ್ಯ ಎಂಬ ಯೋಚನೆಯೇ ಬಂದಿರುವುದಿಲ್ಲ. ಎಷ್ಟೋ ವರ್ಷದಿಂದ 'ಇದು ಇಷ್ಟೇ' ಎಂದು ಕೇಳಿ ಕೇಳಿ ಸುಮ್ಮನಾದ ತಾಯಿ 'ಬೇಡ' ಅಂದಾಗ, ಅದನ್ನು ತೃಪ್ತಿ ಎಂದು ಬರೆದುಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ. 'ಸಾಧ್ಯವಿದ್ದರೆ ಹೇಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ?' ಎಂದು ಮಾತುಕತೆಯಲ್ಲಿ ಕೇಳಿ, ಬಂದ ಉತ್ತರವನ್ನು ಪ್ರಶ್ನೆಯ ಪುಟಕ್ಕೆ ಸೇರಿಸಿ.

ಮಕ್ಕಳೇ ಉತ್ತರಿಸುವ ಸಾಧನವಾದರೆ ಅವರ ಹತ್ತಿರವೇ ಹೋಗಬೇಕು. ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ಮಾತು ಬಾರದ ಮಗುವಿಗೂ ಆ ಹಕ್ಕಿದೆ. ಚಿತ್ರ ತೋರಿಸಿ, ಬೆರಳು ಮಾಡಲು ಹೇಳಿ, ನಗುಮುಖದ ಕಾರ್ಡು ಕೊಡಿ. ಚಿತ್ರಗಳನ್ನೂ ಪರೀಕ್ಷಿಸಿ. ಚಿತ್ರದಲ್ಲಿರುವ ಬಟ್ಟೆ, ಮನೆ, ಆಟದ ಬಯಲು ಪರಕೀಯವಾಗಿದ್ದರೆ ಮಗು 'ಇದು ನಾನಲ್ಲ' ಎಂದು ಕಾರ್ಡು ಪಕ್ಕಕ್ಕಿಡುತ್ತದೆ. ಗಾಲಿಕುರ್ಚಿಯಲ್ಲಿ ಕೂತ ಮಗು ಒಂದೇ ಒಂದು ಚಿತ್ರದಲ್ಲೂ ಇಲ್ಲದಿದ್ದರೆ ಅದನ್ನೂ ಸರಿಪಡಿಸಿ. ಪೋಷಕರು ಪಕ್ಕದಲ್ಲಿ ಕೂತು ಮಗುವಿನ ಪರವಾಗಿ ಉತ್ತರಿಸುತ್ತಿದ್ದರೆ, ಅವರಿಗೆ ಆ ಹೊತ್ತಿನಲ್ಲಿ ಬೇರೆ ಫಾರ್ಮು ತುಂಬಲು ಕೊಡಿ.

ಓದಲು ಬಾರದ ಪೋಷಕರಿಗೆ ಯಾರೋ ಓದಿ ಹೇಳಬೇಕಾಗುತ್ತದೆ. ಹಾಗಾಗಿ ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ ನೋಡಿ. ಒಂದೇ ಉಸಿರಿಗೆ ಓದಲಾಗದ ವಾಕ್ಯವನ್ನು ಒಡೆಯಿರಿ. ಓದಿ ಹೇಳುವವರು ತಮ್ಮದೇ ಉದಾಹರಣೆ ಸೇರಿಸದ ಹಾಗೆ ಒಂದು ಪುಟದ ಸೂಚನೆ ಬರೆದುಕೊಡಿ.

ಅಂಕಿಗಳ ಪರೀಕ್ಷೆ

ಮಾತು ಗಟ್ಟಿಯಾದ ಮೇಲೆ ದೊಡ್ಡ ಗುಂಪಿನಲ್ಲಿ ಪರೀಕ್ಷೆ. ಸಾಮಾನ್ಯವಾಗಿ ಎರಡು ವಾರ ಬಿಟ್ಟು ಅದೇ ಪೋಷಕರನ್ನು ಮತ್ತೆ ಕೇಳುತ್ತಾರೆ. ಎರಡು ಸಲದ ಉತ್ತರ ಎಷ್ಟು ಹೊಂದುತ್ತದೆ ಎಂಬ ಅಂಕಿ 0.70ಕ್ಕೆ ಮೇಲಿದ್ದರೆ ಗುಂಪುಗಳ ಹೋಲಿಕೆಗೆ ಸಾಕು ಅನ್ನುತ್ತಾರೆ. ಅಂಗವೈಕಲ್ಯ ಇರುವ, ಇಲ್ಲದ ಮಕ್ಕಳ ಸ್ಕೋರಿನಲ್ಲಿ ನಿರೀಕ್ಷಿಸಿದ ವ್ಯತ್ಯಾಸ ಕಾಣುತ್ತಿದೆಯಾ ಎಂದೂ ನೋಡಬೇಕು.

ಕ್ರಾನ್‌ಬಾಕ್ ಆಲ್ಫಾ (ಬೇರೆ ಬೇರೆ ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತದೆ ಎಂಬ ಅಂಕಿ) ಕಡಿಮೆ ಬಂತೆಂದು ಗಾಬರಿ ಬೇಡ. ಪ್ರಶ್ನೆಗಳೆಲ್ಲ ಒಂದೇ ಗುಣದ ಬೇರೆ ಬೇರೆ ಕುರುಹುಗಳಾಗಿದ್ದಾಗ ಆಲ್ಫಾ ಜಾಸ್ತಿ ಇರಬೇಕು ಎನ್ನುವುದು ಸರಿ. ಆದರೆ ಆಟಕ್ಕೆ ಜಾಸ್ತಿ ಹೋಗುವ ಮಗು ಸಂಗೀತದ ಕ್ಲಾಸಿಗೂ ಜಾಸ್ತಿ ಹೋಗಬೇಕೆಂದೇನೂ ಇಲ್ಲ. ಒಂದಕ್ಕೆ ಹೋದರೆ ಇನ್ನೊಂದಕ್ಕೆ ಸಮಯವೇ ಸಿಗದಿರಬಹುದು. ಎಷ್ಟು ಸಲ ಎಂಬ ಭಾಗದಲ್ಲಿ ಆಲ್ಫಾ ಏರಿಸಲು ಪ್ರಶ್ನೆ ಕಿತ್ತುಹಾಕಿದರೆ ಮಗುವಿನ ದಿನದ ಒಂದು ತುಂಡನ್ನೇ ಕಿತ್ತುಹಾಕಿದ ಹಾಗೆ. ಇನ್ನೊಂದು ಎಚ್ಚರ: ಮೂಲ ದೇಶದ ಮಕ್ಕಳ ಸರಾಸರಿಯನ್ನು ತಂದು ಇಲ್ಲಿನ ಮಕ್ಕಳಿಗೆ ಗೆರೆ ಎಳೆಯಬೇಡಿ. ಇಲ್ಲಿನ ಗೆರೆ ಇಲ್ಲಿನ ಮಕ್ಕಳಿಂದಲೇ ಬರಬೇಕು.

ಎಲ್ಲವನ್ನೂ ಕಟ್ಟಿಡುವುದು

ಕೊನೆಯ ಪ್ರತಿಗೆ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಹಾಕಿ, ಹಳೆಯ ಕರಡುಗಳನ್ನು ಬೇರೆ ಫೋಲ್ಡರಿಗೆ ಸರಿಸಿ. ಎರಡು ಅನುವಾದ, ಕೂಡಿಸಿದ ಪ್ರತಿ, ಮರು ಅನುವಾದಗಳು, ಸಮಿತಿಯ ತೀರ್ಮಾನಗಳು, ಪ್ರತಿ ಪ್ರಶ್ನೆಯ ಪುಟ, ಸಂದರ್ಶನದಲ್ಲಿ ಜನ ಆಡಿದ ಮಾತುಗಳು (ಹೆಸರು ತೆಗೆದು) ಇಷ್ಟನ್ನೂ ಮೂಲ ಲೇಖಕರಿಗೆ ಕಳುಹಿಸಿ. ಬದಲಿಸಿದ ಪ್ರಶ್ನೆಗಳ ಪಟ್ಟಿ ಎಲ್ಲಕ್ಕಿಂತ ಮೇಲೆ ಇರಲಿ. ಅಕ್ಷರದ ಗಾತ್ರ, ಪುಟದ ಜೋಡಣೆ, ಆಯ್ಕೆಗಳ ಕ್ರಮ ಮೂಲದ ಹಾಗೇ ಇದೆಯಾ ಎಂದು ಹೊಸ ಕಣ್ಣಿನವರೊಬ್ಬರಿಂದ ಕರಡು ತಿದ್ದಿಸಿ. ಸಂದರ್ಶನಕ್ಕೆ ಸಮಯ ಕೊಟ್ಟ ಪೋಷಕರಿಗೂ ಮುಗಿದ ಪ್ರಶ್ನಾವಳಿಯ ಸುದ್ದಿ ತಿಳಿಸಿ, ಅವರ ಮಾತಿನಿಂದ ಯಾವ ಪ್ರಶ್ನೆ ಬದಲಾಯಿತು ಎಂದು ಹೇಳಿ.